ಪಾರ್ಕಿಗೆ ಬರುವವರಿಗೆ ಉಪಯೋಗದ ಗಿಡ ಗುರ್ತ ಹಿಡಿಯಲು ಕಲಿಸುವುದು ಹೇಗೆ? ಬೋರ್ಡ್ ಹಾಕಿದ್ದು ಸಾಕಾಗ್ಲಿಲ್ಲ

ಗುಡ್ಡೆಮನೆ
ಎಲ್ರಿಗೂ ನಮಸ್ಕಾರ. ಮಂಗಳೂರಲ್ಲಿ ನಮ್ಮ ಏರಿಯಾದ ಸಣ್ಣ ಪಾರ್ಕಲ್ಲಿ ನಾವು ಏಳೆಂಟು ಜನ ಸೇರಿ ಹೋದ ಡಿಸೆಂಬರಲ್ಲಿ 22 ಗಿಡಮರಗಳಿಗೆ ಹೆಸರಿನ ಬೋರ್ಡ್ ಹಾಕಿದ್ವಿ, ಕನ್ನಡ ಹೆಸರು, ಸಸ್ಯಶಾಸ್ತ್ರದ ಹೆಸರು, ಕೆಳಗೆ ಎರಡು ಸಾಲು ಉಪಯೋಗ. ಖರ್ಚೂ ಆಯ್ತು, ಖುಷಿಯೂ ಆಯ್ತು. ಆದ್ರೆ ಮೊನ್ನೆ ಒಂದು ಭಾನುವಾರ ನಾನು ಒಂದು ಪರೀಕ್ಷೆ ಮಾಡಿದೆ, ಆರು ಬೋರ್ಡಿಗೆ ಪೇಪರ್ ಅಂಟಿಸಿ ಮುಚ್ಚಿ, ದಿನಾ ಅದೇ ದಾರಿಯಲ್ಲಿ ನಡೆಯುವವರ ಹತ್ರ ಈ ಮರ ಯಾವ್ದು ಹೇಳಿ ನೋಡುವ ಅಂತ ಕೇಳಿದೆ. ಆರು ತಿಂಗಳು ಅದರ ಎದುರೇ ನಡೆದವರು, ಹೆಚ್ಚಿನವರಿಗೆ ಒಂದೂ ಬರ್ಲಿಲ್ಲ. ಬೋರ್ಡ್ ಓದಿದ್ದಾರೆ, ಮರ ನೋಡಿಲ್ಲ.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದು. ಒಬ್ರು ಹಿರಿಯರು ನಮ್ಮ ಬೋರ್ಡ್ ಓದಿ ಹುಮ್ಮಸ್ಸು ಬಂದು, ಮನೆ ಹಿಂದೆ ತಜಂಕ್, ಅಂದ್ರೆ ತಗಟೆ ಸೊಪ್ಪು, ತುಂಬ ಹುಟ್ಟಿದೆ, ಈ ಸಲ ಆಟಿಗೆ (ಜುಲೈ ಆಗಸ್ಟ್ ಹೊತ್ತಿನ ತುಳು ತಿಂಗಳು) ಪಲ್ಯ ಮಾಡ್ತೇನೆ ಅಂತ ಫೋಟೋ ತೋರಿಸಿದ್ರು. ನೋಡಿದ್ರೆ ಅದು ತಜಂಕ್ ಅಲ್ಲವೇ ಅಲ್ಲ, ಅದರ ದಾಯಾದಿ. ನಾವು ಅರ್ಧ ಕಲಿಸಿ ಬಿಟ್ಟದ್ದು ಅಂತ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆಟಿ ಬರ್ಲಿಕ್ಕೆ ಇನ್ನು ಹೆಚ್ಚು ದಿನ ಇಲ್ಲ. ಹೆಸರು ಹೇಳುವುದಲ್ಲ, ಜನ ತಾವೇ ಗುರ್ತ ಹಿಡಿಯುವ ಹಾಗೆ ಮಾಡ್ಬೇಕಾದ್ರೆ ಎಂತ ಮಾಡ್ಬೇಕು? ಮಾಡಿ ನೋಡಿದವರು ಇದ್ರೆ ದಯವಿಟ್ಟು ಬರೀರಿ.

ತಿಮರೆ ಚಟ್ನಿ
ಮೊದಲು ಬೋರ್ಡಲ್ಲಿ ತುಳು ಹೆಸರು ಹಾಕಿ ಮಾರಾಯ್ರೆ. ನನ್ನ ಅತ್ತೆಗೆ ಒಂದೆಲಗ ಅಂದ್ರೆ ಗೊತ್ತಾಗುದಿಲ್ಲ, ತಿಮರೆ ಅಂದ್ರೆ ಕಣ್ಣು ಮುಚ್ಚಿಯೂ ಕೊಯ್ತಾರೆ. ತಗಟೆ ಸೊಪ್ಪು ಅಂದ್ರೆ ನಮ್ಮ ಕೊಂಕಣಿ ಮನೆಯವರಿಗೆ ಯಾವ್ದೋ ಹೊಸ ಸೊಪ್ಪು, ತಾಯ್ಕಿಳೊ ಅಂದ್ರೆ ಬಾಯಲ್ಲಿ ನೀರು ಬರ್ತದೆ. ಮಾವಿನ ಮರಕ್ಕೆ ಮಾವು ಅಂತ ಬರೆದದ್ದು ಯಾರಿಗೆ ಬೇಕು, ಕುಕ್ಕು ಅಂತಲೂ ಆಂಬೊ ಅಂತಲೂ ಬರೀರಿ, ಆಗ ನೋಡಿ ಅಜ್ಜಿಯಂದಿರು ನಿಂತು ಮಕ್ಕಳಿಗೆ ಹೇಳ್ತಾರೋ ಇಲ್ವೋ ಅಂತ.

ಹೆಸರಿನ ಗೊಂದಲವೂ ಉಂಟು. ಬ್ರಾಹ್ಮಿ ಅಂತ ಒಬ್ರು ತಿಮರೆಗೆ ಹೇಳ್ತಾರೆ, ಇನ್ನೊಬ್ರು ನೀರುಬ್ರಾಹ್ಮಿಗೆ ಹೇಳ್ತಾರೆ, ಅದೆರಡೂ ಬೇರೆ ಬೇರೆ ಗಿಡ. ತಿಮರೆಗೆ ಮೂತ್ರಪಿಂಡದ ಆಕಾರದ ಒಂಟಿ ಎಲೆ, ಅಂಚಲ್ಲಿ ಸಣ್ಣ ಸಣ್ಣ ಕಚ್ಚು, ಬಳ್ಳಿ ಹರಿದುಕೊಂಡು ಗಂಟು ಗಂಟಿಗೆ ಬೇರು ಬಿಡ್ತದೆ. ನೀರುಬ್ರಾಹ್ಮಿಗೆ ಸಣ್ಣ ದಪ್ಪ ಎಲೆ, ಜೋಡಿ ಜೋಡಿ ಎದುರುಬದುರು, ಹೂ ಬಿಳಿ ಅಥವಾ ತೆಳು ನೇರಳೆ. ಒಂದೇ ಹೆಸರು ಇಟ್ಕೊಂಡು ಎರಡು ಗಿಡ ಕಲಿಸ್ಲಿಕ್ಕೆ ಹೋದ್ರೆ ಜನ ಎರಡನ್ನೂ ಕಲಿಯುದಿಲ್ಲ.

ಸುರತ್ಕಲ್ 14
ಗೂಗಲ್ ಲೆನ್ಸ್ ಉಂಟಲ್ಲ, ಫೋಟೋ ಹೊಡೆದ್ರೆ ಹೆಸರು ಬರ್ತದೆ. ಬೋರ್ಡಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿ ಬಿಡಿ, ಕೆಲ್ಸ ಮುಗೀತು.

ಬಾಟನಿ ಅಕ್ಕ
ನಾನು ಉಡುಪಿ ಕಡೆ ಪಿಯು ಮಕ್ಕಳಿಗೆ ಪಾಠ ಮಾಡುವವಳು, ವರ್ಷಕ್ಕೆ ಎರಡು ಮೂರು ಸಲ ಮಕ್ಕಳನ್ನು ಅಜ್ಜರಕಾಡು ಪಾರ್ಕಿಗೆ, ಆಗುವುದಾದ್ರೆ ಪಿಲಿಕುಳಕ್ಕೂ ಕರ್ಕೊಂಡು ಹೋಗ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ ಬೇಜಾರು ಮಾಡ್ಬೇಡಿ.

ಗುಡ್ಡೆಮನೆಯವರು ಹೇಳಿದ್ದು ಸರಿ, ಬೋರ್ಡ್ ಇದ್ದಲ್ಲಿ ಕಣ್ಣು ಬೋರ್ಡಿನ ಮೇಲೆಯೇ ನಿಲ್ತದೆ. ಹೆಸರು ಸಿಕ್ಕಿದ ಕೂಡ್ಲೆ ತಲೆ ಹೇಳ್ತದೆ ಆಯ್ತು ಗೊತ್ತಾಯ್ತು ಅಂತ, ಎಲೆ ನೋಡುವ ಕೆಲ್ಸ ಅಲ್ಲಿಗೇ ನಿಲ್ತದೆ. ಅದಕ್ಕೆ ನಾನು ಹೆಸರನ್ನು ಕೊನೆಗೆ ಹೇಳುದು. ಮೊದಲು ಕೈಗೆ ಎರಡು ಕೊಂಬೆ ಕೊಡ್ತೇನೆ, ಒಂದು ಅಸಲು, ಒಂದು ಅದರ ಹಾಗೆ ಕಾಣುವ ಮತ್ತೊಂದು, ಇವೆರಡಕ್ಕೂ ವ್ಯತ್ಯಾಸ ಎಂತ ಹೇಳಿ ಅಂತ. ಮಕ್ಕಳು ಐದು ನಿಮಿಷ ತಿರುಗಿಸಿ ಮುರುಗಿಸಿ ನೋಡ್ತಾರೆ, ಮೂಸ್ತಾರೆ, ಜಗಳ ಆಡ್ತಾರೆ, ಆ ಐದು ನಿಮಿಷದಲ್ಲೇ ಕಲಿಯುದೆಲ್ಲ ಆಗಿ ಹೋಗ್ತದೆ.

ನಿಮ್ಮ ತಜಂಕಿನ ವಿಷಯವೇ ತಗೊಳ್ಳಿ. ತಜಂಕಿನ ಒಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆ, ಒಟ್ಟು ಆರು, ಅವುಗಳ ತುದಿ ದುಂಡಗೆ, ಸಂಜೆ ಆದ್ರೆ ಜೊತೆ ಜೊತೆಯಾಗಿ ಮಡಚಿಕೊಳ್ತವೆ. ಆ ದಾಯಾದಿಗೆ, ದೊಡ್ಡ ತಗಟೆ ಅಂತ ಕೆಲವರು ಹೇಳ್ತಾರೆ, ನಾಲ್ಕರಿಂದ ಆರು ಜೊತೆ ಕಿರುಎಲೆ, ತುದಿ ಚೂಪು, ಉಜ್ಜಿದ್ರೆ ಕೆಟ್ಟ ವಾಸನೆ. ಕೋಡೂ ಬೇರೆ, ತಜಂಕಿಂದು ಸಪೂರ ಉದ್ದ ಕುಡುಗೋಲಿನ ಹಾಗೆ ಬಾಗಿದ್ದು, ಅದರದ್ದು ಸ್ವಲ್ಪ ಚಪ್ಪಟೆ, ಅಂಚಿಗೆ ಪೇಲವ ಬಣ್ಣ. ಇದೆಂತ ಸಣ್ಣ ವಿಷಯ ಅಲ್ಲ, ಪಶ್ಚಿಮ ಉತ್ತರ ಪ್ರದೇಶದಲ್ಲಿ ಸಣ್ಣ ಮಕ್ಕಳಿಗೆ ವರ್ಷ ವರ್ಷ ಬರ್ತಿದ್ದ ಒಂದು ಮೆದುಳಿನ ಕಾಯಿಲೆಗೆ ಈ ಗಿಡದ ಬೀಜ ತಿಂದದ್ದೇ ಕಾರಣ ಅಂತ ಅಲ್ಲಿನ ಡಾಕ್ಟರುಗಳು ಹುಡುಕಿ ತೆಗೆದದ್ದು. ಆ ಮಕ್ಕಳು ಆಟ ಆಡ್ತಾ ಬೀಜ ಬಾಯಿಗೆ ಹಾಕ್ಕೊಂಡದ್ದು ಅಷ್ಟೆ.

ಹಾಗಾಗಿ ನನ್ನ ಮಾತು ಒಂದೇ. ಉಪಯೋಗದ ಗಿಡ ಕಲಿಸುದಾದ್ರೆ ಅದರ ಕಳ್ಳ ಜೋಡಿಯನ್ನೂ ಪಕ್ಕದಲ್ಲೇ ಕಲಿಸ್ಬೇಕು. 22 ಬೋರ್ಡ್ ಬೇಡ, 6 ಜೋಡಿ ಸಾಕು.

ಹಟ್ಟಿಗೊಬ್ಬರ
ಬಾಟನಿ ಅಕ್ಕ ಹೇಳಿದ್ದಕ್ಕೆ ನನ್ನದೊಂದು ಸೇರ್ಸಿ, ಒಂದು ಗುರ್ತ ನಂಬಬಾರ್ದು, ಕಮ್ಮಿ ಅಂದ್ರೆ ಮೂರು ಗುರ್ತ ಕೂಡಿ ಬರ್ಬೇಕು. ನಮ್ಮ ಅಪ್ಪ ಹೇಳ್ತಿದ್ರು, ಎಲೆ ನೋಡು, ಮುರಿದು ನೋಡು, ಮೂಸಿ ನೋಡು ಅಂತ.

ಕಾಪು ಕಡಲ್
ಆಟಿ ಅಂದದ್ದಕ್ಕೆ ಇದನ್ನು ಹೇಳದೆ ಇರ್ಲಿಕ್ಕೆ ಆಗುದಿಲ್ಲ. ನಮ್ಮ ಮನೆಯಲ್ಲಿ ಆಟಿ ಅಮಾಸೆಗೆ ಪಾಲೆ ಮರದ ಕಷಾಯ ಕುಡಿಯುದು ತಪ್ಪಿದ್ದಿಲ್ಲ. ಸೂರ್ಯ ಹುಟ್ಟುವ ಮೊದಲು ಹೋಗಿ, ಕಬ್ಬಿಣ ತಾಗಿಸದೆ ಕಲ್ಲಲ್ಲಿ ಜಜ್ಜಿ ಕೆತ್ತೆ, ಅಂದ್ರೆ ತೊಗಟೆ, ತರುದು, ಅರೆದು ರಸ ತೆಗೆದು ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಹಾಕಿ, ಬೊಳ್ಳುಕಲ್ಲು (ಬಿಳಿ ಕಲ್ಲು) ಕೆಂಪಗೆ ಕಾಯಿಸಿ ಅದಕ್ಕೆ ಚುಂಯ್ ಅಂತ ಬಿಡುದು, ಖಾಲಿ ಹೊಟ್ಟೆಗೆ ಒಂದು ಸಣ್ಣ ಲೋಟ, ಮತ್ತೆ ಮೆಂತೆ ಗಂಜಿ. ಚಿಕ್ಕವನಾಗಿದ್ದಾಗ ಆ ಕಹಿಗೆ ನಾನು ಓಡಿ ಹೋಗಿ ಹಟ್ಟಿಯಲ್ಲಿ ಅಡಗ್ತಿದ್ದೆ.

ನನಗೆ ಹನ್ನೆರಡು ಹದಿಮೂರು ವರ್ಷ ಇರ್ಬೇಕು, ಆ ವರ್ಷ ಯಾವಾಗ್ಲೂ ಕೆತ್ತೆ ತರುವ ದೊಡ್ಡಪ್ಪನಿಗೆ ಹುಷಾರಿಲ್ಲ, ಬೇರೆ ಊರಿಂದ ಬಂದಿದ್ದ ಒಬ್ರು ನೆಂಟರು ನಾನು ತರ್ತೇನೆ ಅಂತ ಕತ್ತಲೆಯಲ್ಲಿ ಹೋದ್ರು. ಮಳೆ ಬೇರೆ ಜೋರು. ತಂದ ಕೆತ್ತೆಯನ್ನು ಅಜ್ಜಿ ಚಿಮಿಣಿ ದೀಪದ ಹತ್ರ ಹಿಡಿದು ನೋಡಿದ್ರು, ಉಗುರಲ್ಲಿ ಗೀರಿದ್ರು, ಇದ್ರಲ್ಲಿ ಹಾಲೇ ಇಲ್ಲ, ಎಲೆ ಎಲ್ಲಿ ಅಂತ ಕೇಳಿದ್ರು. ಎಲೆ ತಂದಿರ್ಲಿಲ್ಲ. ಬೆಳಕು ಹರಿದ ಮೇಲೆ ಹೋಗಿ ನೋಡಿದ್ರೆ ಅವರು ಜಜ್ಜಿದ್ದು ಕಾಯೆರ್ ಮರವನ್ನು, ಕಾಸರಕ ಅಂತಾರಲ್ಲ ಅದು. ಆವತ್ತು ನಮ್ಮ ಮನೆಯಲ್ಲಿ ಹನ್ನೊಂದು ಜನ ಇದ್ವಿ, ಮಕ್ಕಳೇ ಐದು. ಅಜ್ಜಿ ಏನೂ ಮಾತಾಡದೆ ಆ ಕೆತ್ತೆಯನ್ನು ತೆಂಗಿನ ಬುಡದಲ್ಲಿ ಹೊಂಡ ತೋಡಿ ಹೂತದ್ದು ಇನ್ನೂ ಕಣ್ಣೆದುರು ಉಂಟು.

ಅಜ್ಜಿಗೆ ಯಾವ ಬೋರ್ಡೂ ಓದ್ಲಿಕ್ಕೆ ಬರ್ತಿರ್ಲಿಲ್ಲ. ಗುರ್ತ ಗೊತ್ತಿತ್ತು.

ಬಾಟನಿ ಅಕ್ಕ
ಕಾಪು ಕಡಲ್ ಅವ್ರೆ, ಓದುವಾಗ ಮೈ ಜುಂ ಅಂತು. ನಿಮ್ಮ ಅಜ್ಜಿಗೆ ಕೈ ಮುಗೀಬೇಕು. ಹೀಗೆ ತಪ್ಪು ಕೆತ್ತೆಯಿಂದ ಜೀವ ಹೋದದ್ದೂ ನಮ್ಮ ಜಿಲ್ಲೆಗಳಲ್ಲಿ ಉಂಟು, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾರಾದ್ರೂ ಪಾರ್ಕಲ್ಲಿ ಕಲಿಸುದಾದ್ರೆ ಇದನ್ನೇ ಮೊದಲ ಜೋಡಿ ಮಾಡಿ.

ಪಾಲೆ, ಅಂದ್ರೆ ಹಾಳೆ ಮರ, ಏಳೆಲೆ ಹಾಳೆ, ಸಪ್ತಪರ್ಣಿ. ಗೆಲ್ಲಿನ ಗಂಟಲ್ಲಿ ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತ ಕೂತಿರ್ತವೆ, ಹೆಸರಲ್ಲಿ ಏಳು ಇದ್ರೂ ಎಲ್ಲ ಗಂಟಲ್ಲೂ ಏಳೇ ಇರ್ಬೇಕು ಅಂತ ಇಲ್ಲ, ಐದೂ ಇರ್ತದೆ ಆರೂ ಇರ್ತದೆ. ಎಲೆಯ ನಡುವಿನ ನರದಿಂದ ಎರಡೂ ಬದಿಗೆ ಸಪೂರ ಗೆರೆಗಳು ಒತ್ತೊತ್ತಾಗಿ ಬಾಚಣಿಗೆಯ ಹಾಗೆ ಹೋಗ್ತವೆ. ಎಲೆ ಮುರಿದ್ರೆ, ತೊಗಟೆ ಗೀರಿದ್ರೆ ಬಿಳಿ ಹಾಲು.

ಕಾಸರಕಕ್ಕೆ ಎಲೆ ಎರಡೆರಡೇ, ಎದುರುಬದುರು. ಎಲೆ ಹೊಳೀತದೆ, ಬುಡದಿಂದಲೇ ಮೂರೋ ಐದೋ ದಪ್ಪ ನರ ಹೊರಟು ತುದಿಯ ಕಡೆಗೆ ಬಾಗಿ ಹೋಗ್ತವೆ. ಹಾಲು ಇಲ್ಲ. ಹಣ್ಣು ಕಿತ್ತಳೆ ಬಣ್ಣದ್ದು ಗಟ್ಟಿ ಸಿಪ್ಪೆ, ಬೀಜ ಗುಂಡಿಯ ಹಾಗೆ ಚಪ್ಪಟೆ, ಅದ್ರಲ್ಲಿ ಮಾತ್ರ ಅಲ್ಲ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಅಂತ ಎರಡು ವಿಷ ಉಂಟು. ಆಟಿಯಲ್ಲಿ ಹಣ್ಣು ಇರ್ಲಿಕ್ಕಿಲ್ಲ, ಅದನ್ನು ಕಾಯ್ತಾ ಕೂರ್ಬೇಡಿ, ಎಲೆಯೇ ನೋಡ್ಬೇಕು.

ಆದ್ರೆ ಒಂದು ಮಾತು, ಹಾಲು ಬಂದ್ರೆ ಪಾಲೆ ಅಂತ ಮಾತ್ರ ಯಾರೂ ಕಲಿಸ್ಬೇಡಿ. ಹಳದಿ ಕಣಗಿಲೆಯಲ್ಲೂ ಹಾಲು ಬರ್ತದೆ, ಅದು ಹೃದಯಕ್ಕೇ ವಿಷ, ಮತ್ತೆ ಅದು ಅರ್ಧ ಊರಿನ ಕಂಪೌಂಡಲ್ಲಿ ಉಂಟು. ಹಟ್ಟಿಗೊಬ್ಬರ ಹೇಳಿದ ಹಾಗೆ ಮೂರು ಗುರ್ತ ಕೂಡ್ಬೇಕು, ಸುತ್ತ ಕೂತ ಎಲೆ, ಬಾಚಣಿಗೆ ಗೆರೆ, ಹಾಲು.

ಕತ್ತಲೆಯಲ್ಲಿ ಎಲೆ ಹೇಗೆ ನೋಡುದು ಅಂತ ಕೇಳ್ಬಹುದು. ಹಗಲಲ್ಲೇ ಹೋಗಿ ಮರ ನೋಡಿ, ಗೊತ್ತಿದ್ದವರ ಹತ್ರ ಖಾತ್ರಿ ಮಾಡ್ಸಿ, ಒಂದು ನೂಲು ಕಟ್ಟಿ ಬನ್ನಿ. ನಮ್ಮ ಮನೆಯಲ್ಲಿ ಹಿಂದಿನ ಸಂಜೆ ನೂಲು ಕಟ್ಟುವ ಕ್ರಮ ಇತ್ತು, ಅದು ಬರೀ ಶಾಸ್ತ್ರ ಅಂತ ನಾನು ತುಂಬ ವರ್ಷ ಅಂದ್ಕೊಂಡಿದ್ದೆ.

ಮಣಿಪಾಲ ಸೈಕಲ್
ಆಸ್ಪತ್ರೆಯಲ್ಲಿ ಕೆಲ್ಸ ಮಾಡುವವನಾಗಿ ಎರಡು ಸಾಲು. ತಪ್ಪು ಕಷಾಯ ಕುಡಿದು ಕುತ್ತಿಗೆ ಬೆನ್ನು ಸೆಟೆದುಕೊಂಡ್ರೆ, ಮೈ ಎಳೆದ ಹಾಗೆ ಆದ್ರೆ, ಮನೆಯಲ್ಲಿ ವಾಂತಿ ಮಾಡಿಸ್ಲಿಕ್ಕೆ ಹೋಗ್ಬೇಡಿ, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಬನ್ನಿ, ಮತ್ತೆ ಉಳಿದ ಕೆತ್ತೆ, ಎಲೆ ಏನಿದ್ರೂ ಒಂದು ಲಕೋಟೆಯಲ್ಲಿ ಹಾಕಿ ತನ್ನಿ. ಅದು ಇದ್ರೆ ಡಾಕ್ಟರಿಗೆ ಅರ್ಧ ಕೆಲ್ಸ ಸುಲಭ.

ಬಿಜೈ ಅಮ್ಮ
ಕಾಸರಕದ ಎಲೆ ಹೇಳಿದ್ರಲ್ಲ, ಮೂರು ನರ ಅಂತ, ನನಗೆ ಕೂಡ್ಲೆ ನಮ್ಮ ಅಂಗಳದ ಡಾಲ್ಚಿನ್ನಿ ಎಲೆ ನೆನಪಾಯ್ತು, ಅದಕ್ಕೂ ಮೂರೇ ನರ. ಹಾಗಾದ್ರೆ ಅದನ್ನು ಹೇಗೆ ಬೇರೆ ಮಾಡುದು?

ಬಾಟನಿ ಅಕ್ಕ
ತುಂಬ ಒಳ್ಳೆ ಪ್ರಶ್ನೆ, ಅದೇ ಎರಡನೇ ಜೋಡಿ ಆಗ್ಲಿ. ಡಾಲ್ಚಿನ್ನಿ ಎಲೆಯನ್ನು ಬೆರಳಲ್ಲಿ ಕಿವುಚಿದ್ರೆ ಘಂ ಅಂತ ಮಸಾಲೆ ಪರಿಮಳ, ಎಳೆ ಎಲೆ ಕೆಂಪು. ಕಾಸರಕ ಕಿವುಚಿದ್ರೆ ಆ ಪರಿಮಳ ಇಲ್ಲ. ಕಿವುಚಿ ಮೂಸಿದ ಮೇಲೆ ಕೈ ತೊಳೆಯುದನ್ನೂ ಅಭ್ಯಾಸ ಮಾಡ್ಸಿ, ಬಾಯಿಗೆ ಇಟ್ಟು ನೋಡುದು ಮಾತ್ರ ಖಂಡಿತ ಬೇಡ, ಪಾರ್ಕಲ್ಲಿ ಯಾವ ಗಿಡವನ್ನೂ.

ಗುಡ್ಡೆಮನೆ
ಸುರತ್ಕಲ್ 14 ಅವ್ರು ಹೇಳಿದ ಲೆನ್ಸ್ ನಾನು ನಿನ್ನೆ ಪ್ರಯತ್ನ ಮಾಡಿದೆ. ಹೂ ಇದ್ದ ಗಿಡಗಳಿಗೆ ಚೆನ್ನಾಗಿ ಹೇಳ್ತದೆ. ಬರೀ ಎಲೆ ಇದ್ದ ಬಳ್ಳಿಗೆ ಮೂರು ಸಲ ಫೋಟೋ ಹೊಡೆದೆ, ಮೂರು ಸಲವೂ ಬೇರೆ ಬೇರೆ ಹೆಸರು. ಅದು ಅಮೃತಬಳ್ಳಿ, ನನಗೆ ಖಂಡಿತ ಗೊತ್ತಿರುವ ಬಳ್ಳಿ.

ಹಟ್ಟಿಗೊಬ್ಬರ
ಅಮೃತಬಳ್ಳಿ ಅಂದದ್ದು ಒಳ್ಳೆದಾಯ್ತು. ಕೊರೋನಾ ಸಮಯದಲ್ಲಿ ಕಂಡ ಕಂಡವರೆಲ್ಲ ಕಂಡ ಕಂಡ ಬಳ್ಳಿ ತಂದು ಕುದಿಸಿ ಕುಡಿದದ್ದು ನೆನಪುಂಟಲ್ಲ. ಆಮೇಲೆ ಲಿವರ್ ತೊಂದರೆ ಅಂತ ವರದಿಗಳು ಬಂದ್ವು, ಅದಕ್ಕೆ ಆಯುಷ್ ಸಚಿವಾಲಯ 2022ರಲ್ಲಿ ಅಮೃತಬಳ್ಳಿ ಸುರಕ್ಷಿತ, ಆದ್ರೆ ಅದನ್ನೇ ಹೋಲುವ ಅದೇ ಜಾತಿಯ ಬೇರೆ ಬಳ್ಳಿ ಉಂಟು, ಗುರ್ತ ಸರಿಯಾಗಿ ಹಿಡೀರಿ ಅಂತ ಹೇಳಿತ್ತು. ಆ ಇನ್ನೊಂದು ಬಳ್ಳಿಯ ಕಾಂಡದ ತುಂಬ ಎದ್ದು ಕಾಣುವ ನರುಲಿ ಹಾಗಿನ ಗಂಟು. ಅಮೃತಬಳ್ಳಿಯ ಕಾಂಡಕ್ಕೆ ಪೇಪರಿನ ಹಾಗಿನ ತೆಳು ಸಿಪ್ಪೆ, ಅಡ್ಡ ಕತ್ತರಿಸಿದ್ರೆ ಒಳಗೆ ಬಂಡಿಚಕ್ರ ಕಾಣ್ತದೆ. ಎಲೆ ಎರಡಕ್ಕೂ ಹೃದಯದ ಆಕಾರವೇ, ಹಾಗಾಗಿ ಎಲೆ ಫೋಟೋ ಹೊಡೆದು ಆ್ಯಪನ್ನು ಕೇಳಿದ್ರೆ ಅದಾದ್ರೂ ಎಂತ ಮಾಡ್ತದೆ ಪಾಪ.

ಸುರತ್ಕಲ್ 14
ಒಪ್ಪಿದೆ. ಲೆನ್ಸ್ ನಂಬಿ ಬಾಯಿಗೆ ಹಾಕುದು ಬೇಡ. ಆದ್ರೆ ಯುವಕರನ್ನು ಎಳೀಬೇಕಾದ್ರೆ ಫೋನ್ ಬೇಕೇ ಬೇಕು, ಅದನ್ನೂ ಬಿಡ್ಬೇಡಿ. ಐನ್ಯಾಚುರಲಿಸ್ಟಲ್ಲಿ, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲಲ್ಲಿ ಫೋಟೋ ಹಾಕಿದ್ರೆ ಗೊತ್ತಿರುವ ಮನುಷ್ಯರೇ ನೋಡಿ ಹೌದು ಅಲ್ಲ ಅಂತ ಹೇಳ್ತಾರೆ, ನನ್ನ ಎರಡು ತಪ್ಪು ಹಾಗೆಯೇ ಸರಿ ಆಯ್ತು. ಫೋಟೋ ಹೊಡೆಯುವಾಗ ಎಲೆಯ ಮೇಲ್ಭಾಗ, ಅಡಿಭಾಗ, ಗೆಲ್ಲಿಗೆ ಅಂಟಿದ ಜಾಗ, ತೊಗಟೆ, ಹೂವೋ ಕಾಯೋ ಇದ್ರೆ ಅದು, ಹೀಗೆ ನಾಲ್ಕೈದು ಹೊಡೀಬೇಕು ಅಂತ ಕಲಿಸಿದ್ರೆ ಅದೂ ಗಿಡ ನೋಡುವ ಪಾಠವೇ ಅಲ್ವಾ.

ಬಿಜೈ ಅಮ್ಮ
ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಸಿಟ್ಟಾಗ್ಬೇಡಿ. ಉಪಯೋಗದ ಗಿಡ ಅಂದ ಕೂಡ್ಲೆ ಎಲ್ರೂ ಯಾಕೆ ಮದ್ದಿಗೇ ಹೋಗ್ತೀರಿ? ಒಂದು ಪಾರ್ಕಲ್ಲಿ ನೋಡಿದೆ, ಒಂದು ಗಿಡದ ಬೋರ್ಡಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ಎಲ್ಲ ಗುಣ ಆಗ್ತದೆ ಅಂತ ಬರೆದಿದ್ರು, ಓದಿದವರು ಮಾತ್ರೆ ಬಿಟ್ಟು ಎಲೆ ಜಗಿದ್ರೆ ಯಾರು ಹೊಣೆ? ಬೋರ್ಡಲ್ಲಿ ಕಾಯಿಲೆ ಹೆಸರೇ ಬೇಡ.

ಅಡುಗೆಮನೆಯಿಂದ ಶುರು ಮಾಡಿ. ನಮ್ಮೂರಲ್ಲಿ ಎಲೆ ಅಂದ್ರೆ ಪಾತ್ರೆ. ಇಡ್ಲಿ ಹಿಟ್ಟು ಹೊಯ್ದು ಬೇಯಿಸ್ಲಿಕ್ಕೆ ಹಲಸಿನ ಎಲೆ ನಾಲ್ಕು ಸೇರ್ಸಿ ಚುಚ್ಚಿ ಕೊಟ್ಟಿಗೆ, ಕೇದಗೆ ಜಾತಿಯ ಮುಂಡೇವಿನ ಎಲೆಯ ಮುಳ್ಳು ತೆಗೆದು ಬಾಡಿಸಿ ಸುತ್ತಿ ಮೂಡೆ, ನಾಗರಪಂಚಮಿಗೆ ಅರಶಿನ ಎಲೆಯಲ್ಲಿ ಕಡುಬು, ಕೆಸುವಿನ ಎಲೆಯಲ್ಲಿ ಪತ್ರೊಡೆ, ಸಾಗುವಾನಿ ಎಲೆಯಲ್ಲೂ ಹಿಟ್ಟು ಕಟ್ಟಿ ಬೇಯಿಸ್ತಾರೆ. ಮೂಡೆ ತಿನ್ನದ ಮಗು ಮಂಗಳೂರಲ್ಲಿ ಉಂಟಾ? ಆದ್ರೆ ಆ ಎಲೆ ಗಿಡದಲ್ಲಿ ಇದ್ದಾಗ ಹೇಗೆ ಇರ್ತದೆ ಅಂತ ನನ್ನ ಮೊಮ್ಮಗನಿಗೆ ಗೊತ್ತಿಲ್ಲ, ಅವನು ಮಾರ್ಕೆಟಿಂದ ಬರುವ ಸುರುಳಿ ಮಾತ್ರ ನೋಡಿದ್ದು. ಮುಂಡೇವಿನ ಎಲೆಗೆ ಎರಡು ಅಂಚಲ್ಲೂ, ಅಡಿಯ ನಡುನರದಲ್ಲೂ ಮುಳ್ಳು, ಮೂರು ಸಾಲು, ಮೇಲಿಂದ ಕೆಳಗೆ ಬೆರಳು ಎಳೆದವನು ಇನ್ನು ಜೀವಮಾನದಲ್ಲಿ ಮರೆಯುದಿಲ್ಲ.

ಸಾಗುವಾನಿಗೆ ನನ್ನ ಅಮ್ಮ ಕಲಿಸಿದ ಗುರ್ತ ಉಂಟು, ಎಳೆ ಎಲೆ ಅಂಗೈಯಲ್ಲಿ ಉಜ್ಜಿದ್ರೆ ರಕ್ತದ ಹಾಗೆ ಕೆಂಪು. ಮಕ್ಕಳ ಕೈಗೆ ಒಮ್ಮೆ ಕೆಂಪು ಮಾಡ್ಸಿ ನೋಡಿ, ಮನೆಗೆ ಹೋಗಿ ಹತ್ತು ಜನಕ್ಕೆ ತೋರಿಸ್ತಾರೆ.

ತಿಮರೆ ಚಟ್ನಿ
ಬಿಜೈ ಅಮ್ಮನಿಗೆ ನೂರಕ್ಕೆ ನೂರು. ಆದ್ರೆ ಪತ್ರೊಡೆಯ ಕೆಸು ಹೇಳುವಾಗ ತುರಿಕೆಯನ್ನೂ ಹೇಳಿ. ಎಲ್ಲ ಕೆಸುವಿನಲ್ಲೂ ಸೂಜಿಯ ಹಾಗಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಇರ್ತದೆ, ಅದಕ್ಕೇ ಹುಳಿ ಹಾಕಿ ಚೆನ್ನಾಗಿ ಬೇಯಿಸುದು. ಮತ್ತೆ ಪಾರ್ಕಲ್ಲಿ ಚಂದಕ್ಕೆ ನೆಡುವ ಕೆಂಪು ಬಿಳಿ ಚುಕ್ಕೆಯ ಎಲೆ ಇರ್ತದಲ್ಲ, ಕೆಲೇಡಿಯಂ, ಅದೂ ಕೆಸುವಿನ ಹಾಗೇ ಕಾಣುದು, ಅದು ತಿನ್ಲಿಕ್ಕೆ ಅಲ್ಲವೇ ಅಲ್ಲ. ಇದೂ ಒಂದು ಜೋಡಿ. ಕಣಿಲೆ, ಅಂದ್ರೆ ಎಳೆ ಬಿದಿರು, ಅದೂ ಹಾಗೆಯೇ, ಕೊಯ್ದು ನೀರಲ್ಲಿ ಹಾಕಿ ಎರಡು ಮೂರು ದಿನ ನೀರು ಬದಲಿಸುದು ಬರೀ ವಾಸನೆ ಹೋಗ್ಲಿಕ್ಕೆ ಅಲ್ಲ, ಅದ್ರಲ್ಲಿ ಸಯನೈಡ್ ಬಿಡುವ ಅಂಶ ಉಂಟು. ಗುರ್ತ ಹಿಡಿದ್ರೆ ಮುಗೀಲಿಲ್ಲ, ಹೇಗೆ ಹದ ಮಾಡುದು ಅನ್ನುದೂ ಗುರ್ತದ ಒಳಗೇ ಬರ್ತದೆ.

ಹಟ್ಟಿಗೊಬ್ಬರ
ನನಗೆ ಇನ್ನೊಂದು ಚಿಂತೆ. ಕಲಿಸಿದ್ರೆ ಕೊಯ್ತಾರೆ. ನಮ್ಮ ಕಡೆ ಒಂದು ಪಾರ್ಕಲ್ಲಿ ಮಜ್ಜಿಗೆ ಹುಲ್ಲು, ಸಾಂಬ್ರಾಣಿ ಸೊಪ್ಪು ನೆಟ್ಟು ಬೋರ್ಡ್ ಹಾಕಿದ ಎರಡೇ ವಾರದಲ್ಲಿ ಬುಡ ಸಮೇತ ಇಲ್ಲ. ಪಾಲೆ ಮರಗಳ ಅವಸ್ಥೆಯೂ ನೋಡಿ, ರಸ್ತೆ ಬದಿಯ ಕೆಲವು ಮರದ ಕೆತ್ತೆಯನ್ನು ಎಲ್ಲರೂ ಒಂದೇ ಕಡೆ ಜಜ್ಜಿ ಜಜ್ಜಿ ಮೈ ತುಂಬ ಗಾಯ. ಸುತ್ತಲೂ ತೊಗಟೆ ಹೋದ್ರೆ ಮರ ಸಾಯ್ತದೆ, ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವ ದಾರಿ ಅದೇ ತೊಗಟೆಯ ಒಳಪದರ.

ಮತ್ತೆ ಪಾರ್ಕಿನ ಸೊಪ್ಪು ಮನೆಗೆ ತಂದು ತಿನ್ಲೇಬಾರ್ದು, ಕಳೆಗೆ ಎಂತ ಹೊಡೆದಿರ್ತಾರೋ, ನಾಯಿ ಎಲ್ಲಿ ಕಾಲೆತ್ತಿರ್ತದೋ.

ಗುಡ್ಡೆಮನೆ
ಆ ಭಯ ನಮಗೂ ಇತ್ತು. ಒಬ್ರು ಗುಂಪಿನ ಹಿರಿಯರು ಒಂದು ಉಪಾಯ ಹೇಳಿದ್ರು, ಕೊಯ್ಬೇಡಿ ಅಂತ ಬೋರ್ಡ್ ಹಾಕುದರ ಬದ್ಲು ಗೇಟಿನ ಹತ್ರ ಒಂದು ಮೇಜು ಇಟ್ಟು ದೊಡ್ಡಪತ್ರೆ ಗೆಲ್ಲು, ತಿಮರೆ ಬಳ್ಳಿ, ಮಜ್ಜಿಗೆ ಹುಲ್ಲಿನ ಬುಡ ಸಣ್ಣ ಕಟ್ಟು ಮಾಡಿ ಪುಕ್ಕಟೆ ಕೊಡುದು, ಒಂದೇ ಷರತ್ತು, ತಗೊಂಡು ಹೋಗುವವರು ಅದರ ಮೂರು ಗುರ್ತ ಹೇಳ್ಬೇಕು. ಎರಡು ಭಾನುವಾರ ಮಾಡಿ ನೋಡಿದ್ವಿ, ಕಟ್ಟೆಲ್ಲ ಖಾಲಿ, ಪಾತಿಯ ಗಿಡ ಮಾತ್ರ ಇದ್ದ ಹಾಗೇ ಉಂಟು. ದೊಡ್ಡಪತ್ರೆಯ ಗುರ್ತ ಹೇಳ್ಲಿಕ್ಕೆ ಒಬ್ಬ ಹುಡುಗ ಕಣ್ಣು ಮುಚ್ಚಿ ಎಲೆ ಮುಟ್ಟಿ, ದಪ್ಪ ಉಂಟು, ಮಖಮಲ್ಲು ಉಂಟು, ಅಜ್ವಾನದ ವಾಸನೆ ಉಂಟು ಅಂದ. ಎಷ್ಟು ಸಂತೋಷ ಆಯ್ತು ಅಂದ್ರೆ ಅವನಿಗೆ ಎರಡು ಕಟ್ಟು ಕೊಟ್ಟೆ.

ಮಣಿಪಾಲ ಸೈಕಲ್
ಕಣ್ಣು ಮುಚ್ಚಿ ಅಂದದ್ದಕ್ಕೆ ಹೇಳ್ತೇನೆ, ನನ್ನ ತಂಗಿಗೆ ಕಣ್ಣು ಕಾಣುದಿಲ್ಲ. ಪಾರ್ಕಿಗೆ ಹೋದ್ರೆ ಅವಳಿಗೆ ಬೋರ್ಡ್ ಇದ್ದೂ ಇಲ್ಲ. ಒಂದು ಸಾಲು ಪರಿಮಳದ ಗಿಡ ಸೊಂಟದ ಎತ್ತರದ ಕಟ್ಟೆಯಲ್ಲಿ ಇಡಿ ದಯವಿಟ್ಟು. ಮಜ್ಜಿಗೆ ಹುಲ್ಲು, ಅರಶಿನ, ತುಳಸಿ, ದೊಡ್ಡಪತ್ರೆ, ಲಾವಂಚದ ಬೇರು. ಅವಳು ಅರಶಿನ ಎಲೆ ಮುಟ್ಟಿ ಇವತ್ತು ಪಂಚಮಿಯಾ ಅಂತ ಕೇಳಿದ್ದು ನಾನು ಮರೆತಿಲ್ಲ.

ಹಂಚಿನ ಮಾಡು
ತಡವಾಗಿ ಬಂದೆ. ನಾನು ಬೋರ್ಡ್ ಬರೆಯುವ ಕೆಲ್ಸದವನು, ಹಾಗಾಗಿ ಬೋರ್ಡಿನ ಬಗ್ಗೆ ಮಾತ್ರ. ನಮ್ಮ ಮಳೆ ಅಂದ್ರೆ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರ್ ಒಳಗೆ. ತಗಡು ಒಂದೇ ಮಳೆಗಾಲಕ್ಕೆ ತುಕ್ಕು, ಪ್ಲೈವುಡ್ ಉಬ್ಬುತ್ತದೆ, ಫ್ಲೆಕ್ಸ್ ಹಾಕ್ಲೇಬೇಡಿ. ಮರಕ್ಕೆ ಮೊಳೆ ಹೊಡೆಯುದಂತೂ ಕೈ ಮುಗೀತೇನೆ ಬೇಡ, ಮರ ದಪ್ಪ ಆಗ್ತಾ ಬೋರ್ಡನ್ನೇ ನುಂಗ್ತದೆ, ಮೊಳೆಯ ಗಾಯದಲ್ಲಿ ನೀರು ಇಳಿದು ಕೊಳೀತದೆ. ತಂತಿ ಬಿಗಿದು ಕಟ್ಟಿದ್ರೂ ಅದೇ ಕಥೆ.

ನನ್ನ ಸಲಹೆ ಹಳೆ ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಊರಲ್ಲಿ ಹಂಚಿಗೆ ಬರ ಇಲ್ಲ, ಈಗ ಮನೆ ಕೆಡವಿದಲ್ಲೆಲ್ಲ ರಾಶಿ ಬಿದ್ದಿರ್ತದೆ. ಹಂಚಿನ ಒಳಬದಿಯನ್ನು ತೊಳೆದು ಒಣಗಿಸಿ, ಒಂದು ಕೋಟ್ ಪ್ರೈಮರ್, ಮೇಲೆ ಎನಾಮೆಲ್ಲಲ್ಲಿ ಅಕ್ಷರ, ಒಂದು ಮುರಕಲ್ಲನ್ನು ಮರದ ಬುಡದಿಂದ ಎರಡಡಿ ದೂರದಲ್ಲಿ ಹುಗಿದು ಅದಕ್ಕೆ ಓರೆಯಾಗಿ ಸಿಮೆಂಟಲ್ಲಿ ಕೂರ್ಸಿ, ಮಕ್ಕಳ ಕಣ್ಣಿನ ಎತ್ತರಕ್ಕೆ. ಎರಡು ಮೂರು ವರ್ಷಕ್ಕೊಮ್ಮೆ ಅಕ್ಷರ ತಿದ್ದಿದ್ರೆ ಆಯ್ತು.

ಮತ್ತೆ ಬಾಟನಿ ಅಕ್ಕ ಹೇಳಿದ್ದು ಓದಿ ಒಂದು ಯೋಚನೆ ಬಂತು, ಎರಡು ಹಂಚು ಮಾಡುವ. ಎದುರು ಕಾಣುವ ಹಂಚಲ್ಲಿ ಪ್ರಶ್ನೆ, ಈ ಮರದ ಒಂದು ಗಂಟಲ್ಲಿ ಎಷ್ಟು ಎಲೆ ಉಂಟು ಎಣಿಸಿ ಅಂತ. ಹೆಸರು ಮರದ ಆಚೆ ಬದಿಯ ಹಂಚಲ್ಲಿ. ಉತ್ತರ ಬೇಕಾದ್ರೆ ಮರಕ್ಕೆ ಒಂದು ಸುತ್ತು ಬರ್ಬೇಕು.

ಬಾಟನಿ ಅಕ್ಕ
ಹಂಚಿನ ಮಾಡು ಅವ್ರೆ, ಇದು ನಾನು ಇಷ್ಟು ವರ್ಷ ಪಾಠ ಮಾಡಿಯೂ ಯೋಚಿಸದ ವಿಷಯ. ಸುತ್ತು ಬರುವಾಗ ತೊಗಟೆ ಕಾಣ್ತದೆ, ಬಿದ್ದ ಕಾಯಿ ಕಾಣ್ತದೆ.

ಪಾಲೆಯ ಆಚೆ ಬದಿಯ ಹಂಚಿಗೆ ಒಂದು ಸಾಲು ನಾನು ಕೊಡ್ತೇನೆ. ಅದರ ಸಸ್ಯಶಾಸ್ತ್ರದ ಹೆಸರಲ್ಲಿ ಸ್ಕಾಲರಿಸ್ ಅಂತ ಉಂಟಲ್ಲ, ಅದು ಬಂದದ್ದು ಹಿಂದೆ ಶಾಲೆ ಮಕ್ಕಳು ಬರೆಯುವ ಹಲಗೆಯನ್ನು ಇದರ ಮರದಲ್ಲಿ ಮಾಡ್ತಿದ್ದ ಕಾರಣಕ್ಕೆ. ಮಕ್ಕಳಿಗೆ ಇದು ಕಷಾಯಕ್ಕಿಂತ ಬೇಗ ನೆನಪು ಉಳೀತದೆ.

ಪೊನ್ನೆ ಮರ ಇದ್ರೆ ಅದಕ್ಕೂ ಪ್ರಶ್ನೆ ಸುಲಭ, ಸುರಹೊನ್ನೆ ಅಂತಾರೆ ಕನ್ನಡದಲ್ಲಿ. ಎಲೆಯನ್ನು ಬೆಳಕಿಗೆ ಹಿಡಿದ್ರೆ ಗೆರೆಗಳು ಎಷ್ಟು ಒತ್ತೊತ್ತು ಅಂದ್ರೆ ಎಣಿಸ್ಲಿಕ್ಕೇ ಆಗುದಿಲ್ಲ. ಕರೆಂಟ್ ಬರುವ ಮೊದಲು ಕರಾವಳಿಯಲ್ಲಿ ದೀಪ ಉರಿದದ್ದು ಇದರ ಬೀಜದ ಎಣ್ಣೆಯಲ್ಲಿ.

ತಿಮರೆ ಚಟ್ನಿ
ಒಂದೇ ಸಲ ಬಂದು ಹೋಗುವವರಿಗೆ ಇದೆಲ್ಲ ಅಂಟುದಿಲ್ಲ, ಅದನ್ನೂ ನೋಡ್ಕೊಳ್ಳಿ. ನನ್ನ ಮಗಳಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದೇನೆ, ಒಂದೇ ಪುನರ್ಪುಳಿ ಮರ, ತಿಂಗಳಿಗೊಮ್ಮೆ ಹೋಗಿ ನೋಡಿ ಎಂತ ಕಂಡ್ತು ಬರೆಯುದು. ಕೆಂಪು ಚಿಗುರು ಯಾವಾಗ ಬಂತು, ಹೂ ಯಾವಾಗ, ಏಪ್ರಿಲ್ ಮೇಯಲ್ಲಿ ಹಣ್ಣು ಹೇಗೆ ಕಡು ಕೆಂಪು ಆಯ್ತು. ಎರಡನೇ ವರ್ಷದಲ್ಲಿ ಅವಳು ಬೇರೆ ಕಡೆ ಬರೀ ಚಿಗುರು ನೋಡಿಯೇ ಪುನರ್ಪುಳಿ ಅಂದಳು. ಉಪ್ಪಾಗೆ ಮರ ತೋರಿಸಿ ಇದೂ ಅದೇಯಾ ಅಂತ ಪರೀಕ್ಷೆ ಮಾಡಿದೆ, ಇಲ್ಲಮ್ಮ ಇದರ ಕಾಯಿಗೆ ಕುಂಬಳದ ಹಾಗೆ ಏಣು ಉಂಟು ಅಂದಳು. ಸೀಸನ್‌ವಾಚ್ ಅಂತ ಒಂದು ಕಾರ್ಯಕ್ರಮವೂ ಉಂಟು, ಒಂದು ಮರವನ್ನು ವರ್ಷವಿಡೀ ನೋಡಿ ದಾಖಲೆ ಮಾಡುದು, ಶಾಲೆಗಳೂ ಸೇರ್ಬಹುದು.

ಕಾಪು ಕಡಲ್
ಗುಡ್ಡೆಮನೆಯವ್ರೆ, ಆಟಿ ಅಮಾಸೆಯ ಹಿಂದಿನ ಭಾನುವಾರ ಕಾರ್ಯಕ್ರಮ ಇಟ್ರೆ ನಾನು ಕಾಪುವಿಂದ ಬರ್ತೇನೆ. ಪಾಲೆ ಮರದ ಬುಡದಲ್ಲಿ ನಿಂತು ಅಜ್ಜಿಯ ಕಥೆ ಹೇಳ್ತೇನೆ. ಬೇರೆ ಎಂತ ನನಗೆ ಗೊತ್ತಿಲ್ಲ, ಅದೊಂದು ಹೇಳ್ಲಿಕ್ಕೆ ಬರ್ತದೆ.

ಗುಡ್ಡೆಮನೆ
ದಯವಿಟ್ಟು ಬನ್ನಿ, ಅದೇ ಮುಖ್ಯ.

ನಿನ್ನೆ ಗುಂಪಿನವರೆಲ್ಲ ಕೂತು ಈ ಮಾತುಗಳನ್ನು ಒಂದೊಂದಾಗಿ ಓದಿದ್ವಿ. 22 ಬೋರ್ಡಲ್ಲಿ ಕಾಯಿಲೆ ಹೆಸರು ಇದ್ದದ್ದನ್ನೆಲ್ಲ ಮೊದಲು ತೆಗೀತೇವೆ, ಮೊಳೆ ಹೊಡೆದ ಮೂರನ್ನು ಇವತ್ತೇ ತೆಗೆದಾಯ್ತು. ಈ ಮಳೆಗಾಲಕ್ಕೆ ನಾಲ್ಕೇ ಜೋಡಿ, ಪಾಲೆ ಮತ್ತು ಕಾಸರಕ, ಡಾಲ್ಚಿನ್ನಿ ಮತ್ತು ಕಾಸರಕ, ತಜಂಕ್ ಮತ್ತು ಅದರ ದಾಯಾದಿ, ತಿಮರೆ ಮತ್ತು ನೀರುಬ್ರಾಹ್ಮಿ. ಕಾಸರಕ ನಮ್ಮ ಪಾರ್ಕಲ್ಲಿ ಇಲ್ಲ, ಬಾಟನಿ ಅಕ್ಕ ಒಂದು ಒಣಗಿಸಿದ ಗೆಲ್ಲು ಗಾಜಿನ ಚೌಕಟ್ಟಲ್ಲಿ ಹಾಕಿ ಕೊಡ್ತೇನೆ ಅಂದಿದ್ದಾರೆ, ಮುಟ್ಲಿಕ್ಕೆ ಆಗುದಿಲ್ಲ, ನೋಡ್ಲಿಕ್ಕೆ ಮಾತ್ರ. ಪರಿಮಳದ ಕಟ್ಟೆಗೆ ಗೇಟಿನ ಬಲಬದಿ ಜಾಗ ಗುರ್ತ ಮಾಡಿದ್ದೇವೆ, ಮಣಿಪಾಲ ಸೈಕಲ್ ಅವ್ರು ತಂಗಿಯನ್ನು ಕರ್ಕೊಂಡು ಬಂದು ಎತ್ತರ ಸರಿ ಉಂಟಾ ಅಂತ ಹೇಳ್ಬೇಕು, ಸಿಮೆಂಟ್ ಹಾಕುವ ಮೊದಲೇ.

ಹಂಚಿನ ಮಾಡು ಅವ್ರೆ, ನಾಲ್ಕು ಜೋಡಿಗೆ ಎದುರಿಗೊಂದು ಆಚೆಗೊಂದು ಅಂತ ಲೆಕ್ಕ ಹಾಕಿದ್ರೆ ಎಷ್ಟು ಹಂಚು ಬೇಕು?

ಹಂಚಿನ ಮಾಡು
ಹದಿನಾರು. ಒಡೆದ್ರೆ ಅಂತ ಇಪ್ಪತ್ತು ಇಟ್ಕೊಳ್ಳಿ. ನನ್ನ ಹತ್ರ ಈಗ ಏಳು ಉಂಟು. ಬರುವವರು ಯಾರ ಮನೆಯಲ್ಲಾದ್ರೂ ಹಳೆ ಹಂಚು ಬಿದ್ದಿದ್ರೆ ಒಂದೊಂದು ತನ್ನಿ, ಪಾಚಿ ಇದ್ರೂ ಪರ್ವಾಗಿಲ್ಲ, ನಾನು ಉಜ್ಜಿಕೊಳ್ತೇನೆ.